ಪರೀಕ್ಷೆಗೆಂದು ಕಾಯ್ದಿಟ್ಟ ಹೊಟ್ಟೆ

ಬಿಳಿ ಕೋಟಿನ ಗುಂಪು ವಾರ್ಡಿನ ಬಾಗಿಲಲ್ಲಿ ಕಂಡರೆ ಸಾಕು, ಯಂಕಮ್ಮನ ಮೈ ಬಿಗಿಯುತ್ತಿತ್ತು. ಸೆರಗು ಸರಿಸಬೇಕು, ಮೊಣಕಾಲು ಮಡಚಬೇಕು, ಉಸಿರು ಎಳೆಯಬೇಕು. ಒಬ್ಬರಾದ ಮೇಲೆ ಒಬ್ಬರು ಎಡಪಕ್ಕೆಯ ಕೆಳಗೆ ಒತ್ತಿ ನೋಡುತ್ತಿದ್ದರು. ಅಲ್ಲಿ ರಕ್ತ ಸೋಸುವ ಅಂಗ, ಗುಲ್ಮ, ಊದಿ ಹೊಕ್ಕುಳ ದಾಟಿತ್ತು. ಎರಡು ತುತ್ತು ತಿನ್ನುವುದರೊಳಗೆ ಹೊಟ್ಟೆ ಬಿರಿಯುವಂತಾಗುತ್ತಿತ್ತು.

ಯಾದಗಿರಿ ಕಡೆಯ ಹೆಂಗಸು. ಗಂಡ ಮಲ್ಲಣ್ಣನ ಜೊತೆ ತೆಲುಗು ಸೀಮೆಯ ನಗರಕ್ಕೆ ಬಂದು, ಕೊಂಡಾಪುರದ ಅಪಾರ್ಟ್‌ಮೆಂಟುಗಳಿಗೆ ಕಾಂಕ್ರೀಟು ಹೊತ್ತು ವರ್ಷಗಳೇ ಆಗಿದ್ದವು. ಮೇಸ್ತ್ರಿ ಹೆಂಗಸರಿಗೆ ಹೊಲಸು ಮಾತಾಡಿದರೆ ತಲೆಯ ಮೇಲಿನ ಪುಟ್ಟಿ ಅಲ್ಲೇ ಇಳಿಸಿ ಜಗಳಕ್ಕೆ ನಿಲ್ಲುವವಳು. ಅವಳಿಗೆ ಬರುತ್ತಿದ್ದ ತೆಲುಗು ಉಸುಕು, ಸಿಮೆಂಟಿನ ಮಟ್ಟಿನದು. ರೋಗದ ಮಾತಿಗೆ ಅದು ಸಾಲುತ್ತಿರಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಆಸ್ಪತ್ರೆಯ ರಕ್ತರೋಗ ವಿಭಾಗದಲ್ಲಿ ಕಾವ್ಯಾ ಸಿಕ್ಕಾಗ ಅವಳಿಗೆ ತವರಿನವರೇ ಸಿಕ್ಕಂತಾಗಿತ್ತು. ಕಾವ್ಯಾ ಅಲ್ಲಿನ ಕಿರಿಯ ಡಾಕ್ಟರು, ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟ ಕಲಬುರಗಿಯವರ ಮಗಳು.

"ಇದು ರಕ್ತದ ಕ್ಯಾನ್ಸರ್ ಖರೆ, ಆದ್ರ ಇದಕ್ಕ ಗುಳಿಗಿ ಐತಿ ಯಂಕಮ್ಮಾರ," ಎಂದಿದ್ದಳು ಕಾವ್ಯಾ. "ದಿನಾ ತಗೊಂಡ್ರ ಭಾಳ ವರ್ಷ ಬದುಕಬಹುದು. ರಿಪೋರ್ಟು ಬಂದ ಕೂಡ್ಲೆ ಚಾಲೂ ಮಾಡ್ತೀವಿ."

ರಿಪೋರ್ಟು ಬಂತು. ಗುಳಿಗೆ ಬರಲಿಲ್ಲ. ಪಕ್ಕದ ಮಂಚಕ್ಕೆ ಬೀದರಿನ ಗಂಗಾ ಇದೇ ರೋಗ ಹೊತ್ತು ಯಂಕಮ್ಮನಿಗಿಂತ ತಡವಾಗಿ ಬಂದವಳು, ಅವಳಿಗೆ ಆಗಲೇ ಕೊಡತೊಡಗಿದ್ದರು. ಯಂಕಮ್ಮನಿಗೆ ಮಾತ್ರ ಒತ್ತುವ ಕೈಗಳು ಹೆಚ್ಚಾದವು.

ಒಂದು ಬೆಳಿಗ್ಗೆ ಕಾವ್ಯಾ ಸಂಶೋಧನೆಗೆಂದು ರಕ್ತ ತೆಗೆಯಲು ಬಂದಾಗ ಯಂಕಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ಗಂಗಾಗ ಗುಳಿಗಿ ಕೊಟ್ಟೀರಿ. ನನಗ ಯಾಕಿಲ್ಲ?"

"ಸರ್ ಬರಕೊಡಬೇಕ್ರಿ."

"ಸರ್ ಮಾತು ಬಿಡು. ನಿನಗ ಗೊತ್ತೈತಿ, ನೀ ಹೇಳು."

ಕಾವ್ಯಾ ಬಾಗಿಲ ಕಡೆ ನೋಡಿದಳು. "ಸೋಮವಾರ ಸ್ಪೆಷಲಿಸ್ಟ್ ಆಗೋ ಡಾಕ್ಟರಗೋಳ ಪರೀಕ್ಷಾ ಐತಿ," ಎಂದಳು ತಗ್ಗಿದ ದನಿಯಲ್ಲಿ. "ಗುಳಿಗಿ ಕೊಟ್ರ ಗುಲ್ಮ ಇಳಿದುಬಿಡತೈತಿ. ಇಷ್ಟು ದೊಡ್ಡದು ಮತ್ತ ಸಿಗೂದಿಲ್ಲ, ಅಲ್ಲೀತನಕ ತಡೀರಿ ಅಂದಾರ."

ಯಂಕಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿಯವರೆಗೂ ಬೆಂಕಿ ಹತ್ತಿತು.

"ನನ್ನ ಹೊಟ್ಟಿ ಹಿಚುಕಿ ಅವರು ಪಾಸಾಗಬೇಕು, ಅದಕ್ಕ ನಾ ಬ್ಯಾನಿ ತಿನಬೇಕೇನು? ತೆಲುಗಿನ್ಯಾಗ ಸುಳ್ಳು ಹೇಳಿದ್ರ ನನಗ ತಿಳೀತಿರಲಿಲ್ಲ ಬಿಡು. ರಿಪೋರ್ಟು ಬಂದ ಕೂಡ್ಲೆ ಗುಳಿಗಿ ಅಂತ ನೀ ನಮ್ಮ ಮಾತಿನ್ಯಾಗ ಸುಳ್ಳು ಹೇಳಿದಿ!"

ಕಾವ್ಯಾ ತಲೆ ತಗ್ಗಿಸಿ ಹೋದಳು. ಸಂಜೆ ಮಲ್ಲಣ್ಣ ಬಂದು ಹೆಂಡತಿಯ ಕೈ ಹಿಡಿದು, "ದವಾಖಾನಿಯವರ ಜೋಡಿ ಜಗಳ ಬ್ಯಾಡ, ಹೊರಗ ಹಾಕ್ಯಾರು," ಎಂದ.

"ಹಾಕಲಿ. ಹಾಕೋತನಕ ಸುಮ್ನಿರಾಂಗಿಲ್ಲ ನಾನು."

ಸೋಮವಾರ ವಿಭಾಗದ ಮುಖ್ಯಸ್ಥ ಡಾಕ್ಟರ್ ಶಾಂತಕುಮಾರ ಹೊರ ರಾಜ್ಯದ ಪರೀಕ್ಷಕಿಯನ್ನು ಕರೆದುಕೊಂಡು ಬಂದರು. ಪರೀಕ್ಷೆಗೆ ಕೂತವನು ತೆಲುಗಿನಲ್ಲಿ ಮಲಗಿಕೊಳ್ಳಮ್ಮಾ ಎಂದ. ಯಂಕಮ್ಮ ಸೆರಗು ಬಿಗಿದು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಮುಟ್ಟಬ್ಯಾಡ," ಎಂದವಳೇ ಹಿಂದೆ ನಿಂತಿದ್ದ ಕಾವ್ಯಾಳತ್ತ ಬೊಟ್ಟು ಮಾಡಿದಳು. "ಏ ತಂಗಿ, ಮುಂದ ಬಾ. ನಾ ಹೇಳೂದು ಈ ಅಮ್ಮಾರಿಗೆ ಒಂದೂ ಬಿಡದಂಗ ಹೇಳು. ಮೆತ್ತಗ ಮಾಡಿ ಹೇಳಬ್ಯಾಡ. ಇವತ್ತು ತೋರಸಾಕಂತ ನನ್ನ ಗುಳಿಗಿ ತಡದಾರ. ಉಣ್ಣಾಕ ಆಗವಲ್ದು, ಮಲಗಾಕ ಆಗವಲ್ದು. ತಮ್ಮ ಮನಿ ಹೆಂಗಸಿದ್ರ ಹಿಂಗ ತಡೀತಿದ್ರೇನು, ಕೇಳು."

ಶಾಂತಕುಮಾರರು ಕಾವ್ಯಾಳನ್ನು ನುಂಗುವಂತೆ ನೋಡಿದರು. ಆದರೂ ಅವಳು ಪರೀಕ್ಷಕಿಗೆ ಇಂಗ್ಲಿಷಿನಲ್ಲಿ ಹೇಳಿದಳು, ಕೊನೆಯ ಮಾತನ್ನೂ ಬಿಡದೆ.

"ರಿಪೋರ್ಟಿಗಾಗಿ ಕಾಯುತ್ತಿದ್ದೆವು," ಎಂದರು ಶಾಂತಕುಮಾರರು.

ಪರೀಕ್ಷಕಿ ಕಾವ್ಯಾಳನ್ನೇ ಕೇಳಿದರು: "ಬಂದಿಲ್ಲವೇ?"

"ಬಂದಿದೆ, ಮೇಡಂ."

ಪರೀಕ್ಷಕಿ ಪರೀಕ್ಷೆಗೆ ಕೂತ ಹುಡುಗನನ್ನು ಬೇರೆ ಮಂಚಕ್ಕೆ ಕರೆದೊಯ್ದರು. ಮಧ್ಯಾಹ್ನದ ಊಟಕ್ಕೆ ಮೊದಲೇ ನರ್ಸು ಗುಳಿಗೆ ತಂದಳು. ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಕಾವ್ಯಾಳನ್ನು ವಾರ್ಡಿನಿಂದ ತೆಗೆದು ಪ್ರಯೋಗಾಲಯಕ್ಕೆ ಹಾಕಿದರು.

ತಿಂಗಳುಗಳು ಉರುಳಿದಂತೆ ಗುಲ್ಮ ಇಳಿಯಿತು. ಯಂಕಮ್ಮ ಹೊಟ್ಟೆ ತುಂಬ ರೊಟ್ಟಿ ತಿಂದಳು, ಹಗುರ ಕೆಲಸಕ್ಕೂ ಹೋಗತೊಡಗಿದಳು. ಮರಳಿ ತೋರಿಸಲು ಹೋದ ದಿನ ಶಾಂತಕುಮಾರರು ಅವಳ ಹೊಟ್ಟೆ ಮುಟ್ಟಿ, ವಿದ್ಯಾರ್ಥಿಗಳ ಎದುರು ನಗುತ್ತ ಹಿಂದಿಯಲ್ಲಿ, ಈಗ ಖುಷಿಯೇನಮ್ಮಾ ಎಂದರು.

"ಗುಳಿಗಿ ಕೆಲಸ ಮಾಡೇತ್ರಿ. ನೀವು ಮಾಡಿದ್ದು ನಾ ಮರತಿಲ್ಲ," ಎಂದಳು ಯಂಕಮ್ಮ. ಅವರಿಗೆ ಕನ್ನಡ ತಿಳಿಯಲಿಲ್ಲ. ದನಿ ತಿಳಿಯಿತು, ನಗು ನಿಂತಿತು.

ಹೊರಬಂದವಳು ಕೇಳುತ್ತ ಕೇಳುತ್ತ ಪ್ರಯೋಗಾಲಯ ಹುಡುಕಿದಳು. ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ್ದ ಕಾವ್ಯಾ ಗಾಬರಿಯಿಂದ ಎದ್ದು ನಿಂತಳು.

"ನಿನ್ನ ಮ್ಯಾಲೂ ಸಿಟ್ಟೈತಿ," ಎಂದಳು ಯಂಕಮ್ಮ. "ಆದ್ರ ಅವತ್ತು ಪೂರಾ ಹೇಳಿದಿ. ಈಗ ಇದನ್ನೂ ಹೇಳು. ನನ್ನ ರಕ್ತ ಒಯ್ತಿದ್ರಲ್ಲ, ಅದರಾಗ ಏನು ನೋಡಿದ್ರಿ?"

ಕಾವ್ಯಾ ಸ್ಟೂಲು ಎಳೆದುಕೊಟ್ಟು ಹೇಳತೊಡಗಿದಳು. ಯಂಕಮ್ಮ ಮುಖ ಸಡಿಲಿಸದೆ ಕೂತಳು, ತಿಳಿಯದ ಕಡೆಯಲ್ಲೆಲ್ಲ ತಡೆದು ಮತ್ತೆ ಹೇಳಿಸಿದಳು.