ನಾಂದಿಗೆ ಬಂದ ಸ್ಕಾಟ್ಲೆಂಡಿನ ರಾಣಿ

ಆ ಕಾಗದದ ಸುರುಳಿಯನ್ನು ಬೀಗರ ಮನೆಯವರು ಮೊದಲ ಭೇಟಿಯಲ್ಲಿ ತೋರಿಸಿರಲಿಲ್ಲವೋ ಏನೋ. ನನ್ನ ನೆನಪಿನಲ್ಲಿ ಅದು ಕ್ಲೈನ್‌ಬರ್ಗಿನ ಅವರ ಮನೆಯ ಊಟದ ಮೇಜಿನ ಮೇಲೆ ಹಾಸಿದೆ. ಮತ್ತೆ ಸುತ್ತಿಕೊಳ್ಳದಿರಲೆಂದು ಒಂದು ತುದಿಗೆ ಉಪ್ಪಿನ ಬಾಟಲಿ, ಇನ್ನೊಂದು ತುದಿಗೆ ನಾವು ಒಯ್ದಿದ್ದ ಕೋಡುಬಳೆಯ ಡಬ್ಬಿ. ನನ್ನ ಹೆಂಡತಿಯ ಪ್ರಕಾರ ಕೋಡುಬಳೆ ಒಯ್ದದ್ದು ಎರಡನೆಯ ಸಲ, ಮೊದಲ ಸಲ ಬರೀ ಹೂ. ಹಾಗಾದರೆ ನಾನು ಎರಡು ಸಂಜೆಗಳನ್ನು ಒಂದೇ ಮೇಜಿಗೆ ತಂದು ಕೂರಿಸಿದ್ದೇನೆ. ಸುರುಳಿ ಇದ್ದದ್ದು ಮಾತ್ರ ನಿಜ, ನನ್ನ ಮಗಳ ಫೋನಿನಲ್ಲಿ ಅದರ ಚಿತ್ರವಿದೆ.

ಸುರುಳಿ ನನ್ನ ಮಗಳು ಮದುವೆಯಾಗಲಿದ್ದ ಹುಡುಗನ ಅಜ್ಜಿಯದು. ಎಂಬತ್ತಾರು ವರ್ಷದ ಹೆಂಗಸು. ತೀರಿಕೊಂಡ ಗಂಡನ ಜೊತೆ ಕೂಡಿ, ಪತ್ರ ಬರೆದು, ಚರ್ಚುಗಳ ಹಳೆಯ ದಾಖಲೆ ತರಿಸಿ, ಅವರು ತಮ್ಮ ವಂಶವೃಕ್ಷ ಸಿದ್ಧಪಡಿಸಿದ್ದರು. ತೀರ ಕೆಳಗೆ ಪ್ಲಂಬರ್ ಕೆಲಸ ಮಾಡುವ ನಮ್ಮ ಭಾವೀ ಅಳಿಯ. ಇಪ್ಪತ್ತೊಂಬತ್ತು ತಲೆಮಾರು ಮೇಲೆ, ಒಂಬೈನೂರು ವರ್ಷಗಳ ಹಿಂದಿನ ಸ್ಕಾಟ್ಲೆಂಡಿನ ಒಬ್ಬ ರಾಣಿ.

"ಅಮ್ಮಾ, ಸ್ಕಾಟ್ಲೆಂಡಿನ ಅರ್ಧ ಜನ ಆ ರಾಣಿಯ ಮೊಮ್ಮಕ್ಕಳೇ," ಎಂದು ಅವರ ಮಗ, ಅಂದರೆ ನಮ್ಮ ಬೀಗರು, ನಕ್ಕರು.

"ಇರಬಹುದು. ಆದರೆ ಅವರು ಬರೆದಿಟ್ಟುಕೊಂಡಿಲ್ಲ," ಎಂದರು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಮದುವೆಯಲ್ಲಿ ಹಿರಿಯರ ಹೆಸರು ಕೂಗಿ ಹೇಳುತ್ತಾರಂತೆ. ಅವಳ ಹೆಸರನ್ನೂ ಒಮ್ಮೆ ಗಟ್ಟಿಯಾಗಿ ಹೇಳಿಸಬಹುದೇ? ನನ್ನ ಅಂತ್ಯಕ್ರಿಯೆಯಲ್ಲಿ ಹೇಳಿದರೆ ನನಗೆ ಕೇಳಿಸುವುದಿಲ್ಲ."

ನಾನು ಆಗಲಿ ಎಂದೆ. ಏನು ಒಪ್ಪಿಕೊಂಡೆ ಎಂದು ತಿಳಿದದ್ದು ಮರುದಿನ ಆಚಾರ್ರಿಗೆ ಫೋನ್ ಮಾಡಿದಾಗ. ನಮ್ಮ ಆಚಾರ್ರು ವಾರದ ದಿನಗಳಲ್ಲಿ ನಾರ್ತ್ ಯಾರ್ಕಿನ ಒಂದು ಆಫೀಸಿನಲ್ಲಿ ಇನ್ಶೂರೆನ್ಸ್ ಕಾಗದಪತ್ರ ನೋಡುತ್ತಾರೆ, ಶನಿವಾರ ಭಾನುವಾರ ಮದುವೆ ಮಾಡಿಸುತ್ತಾರೆ.

"ಕನ್ಯಾದಾನದಾಗ ಮುತ್ಯಾ, ಅಜ್ಜ, ಅಪ್ಪ, ಮೂರ ಮಂದಿ ಗಂಡಸರು, ಅಷ್ಟ," ಎಂದರು. "ಮುಹೂರ್ತ ಇಪ್ಪತ್ತು ಮಿನಿಟಿಂದದ. ಅದರಾಗ ಒಂಬೈನೂರು ವರ್ಷ ಹ್ಯಾಂಗ ಹಿಡಸ್ಲಿರಿ?"

"ಅವರು ಭಾಳ ಆಸೆ ಇಟ್ಟುಕೊಂಡಾರ, ಆಚಾರ್ರ."

ಅವರು ಸ್ವಲ್ಪ ಯೋಚಿಸಿದರು. "ಹಿಂದಿನ ದಿನ ನಿಮ್ಮ ಮನ್ಯಾಗ ನಾಂದಿ ಇರ್ತದಲ್ಲ, ಹಿರಿಯರನ್ನ ಕರದು ಪೂಜಿ ಮಾಡೂದು, ಅಲ್ಲೆ ತಾಯಂದ್ರ ಹೆಸರು ಮೊದಲ ಬರ್ತಾವ, ಗಂಡಸರದು ಆಮ್ಯಾಲ. ಅಜ್ಜೀನ ಅಲ್ಲಿ ಕರಕೊಂಡ ಬರ್ರಿ, ನೋಡೋಣು. ಅಂದಹಾಂಗ ನಿಮ್ಮವೂ ಮೂರು ಹೆಸರು ಬೇಕ್ರಿ. ನಿಮ್ಮ ತಾಯಿ, ಅಜ್ಜಿ, ಮುತ್ತಜ್ಜಿ."

ತಾಯಿಯದು ಗೊತ್ತಿತ್ತು, ಅಜ್ಜಿಯದೂ ಗೊತ್ತಿತ್ತು. ಮುತ್ತಜ್ಜಿಯ ಹತ್ತಿರ ಬಂದು ನಿಂತುಬಿಟ್ಟೆ. ಮದುವೆಗೆಂದು ಧಾರವಾಡದಿಂದ ವಿಮಾನ ಹತ್ತಿ ನನ್ನ ಅತ್ಯಾ, ತಂದೆಯ ತಂಗಿ, ಈ ಪರದೇಶಕ್ಕೆ, ಯೂನಿಯನ್‌ವಿಲ್ಲಿನ ನಮ್ಮ ಮನೆಗೆ ಬಂದಿದ್ದರು. ನನ್ನ ಮುತ್ತಜ್ಜಿ ಎಂದರೆ ಅವರ ಸ್ವಂತ ಅಜ್ಜಿ. ಅವರ ತೊಡೆಯ ಮೇಲೆ ಆಡಿದವರು ಇವರು.

"ಆಯಿ ಹೆಸರಾ?" ಎಂದರು ಅತ್ಯಾ. "ಆಯಿ ಅಂತಿದ್ವೆಪಾ."

"ಆಯಿಗೊಂದು ಹೆಸರು ಇದ್ದಿರಬೇಕಲ್ಲ?"

"ಒಂದ್ಯಾಕ, ಎರಡಿದ್ವು. ತೌರಮನಿದೊಂದು. ಇಲ್ಲೆ ಬಂದ ಮ್ಯಾಲ ತಾಟಿನಾಗ ಅಕ್ಕಿ ಹರವಿ, ಉಂಗುರದ್ಲೆ ಬರದಿದ್ದೊಂದು. ಆ ಅಕ್ಕಿ ಅವತ್ತ ಅನ್ನ ಆತು. ಅದನ್ನ ಯಾರ ನೆನಪಿಟ್ಟಾರ?"

ನಾಂದಿಗೆ ಒಂದು ವಾರ ಮೊದಲು ಹುಡುಗನ ಅಜ್ಜಿ ನಮ್ಮ ಮನೆಗೆ ಬಂದರು. ಅಡಿಗೆಮನೆಯಲ್ಲಿ ಅತ್ಯಾ ಹೋಳಿಗೆಯ ಹೂರಣ ಉಂಡೆ ಕಟ್ಟುತ್ತಿದ್ದರು. ಅಜ್ಜಿ ಅಂಗಿಯ ತೋಳು ಮಡಚಿ ಪಕ್ಕದಲ್ಲಿ ನಿಂತು ತಾವೂ ಕಟ್ಟತೊಡಗಿದರು, ಕಟ್ಟುತ್ತ ರಾಣಿಯ ಕಥೆ ಹೇಳಿದರು. ನಾನು ನಡುವೆ ನಿಂತು ಕನ್ನಡಕ್ಕೆ ಇಳಿಸುತ್ತಿದ್ದೆ. ರಾಣಿ ಹುಟ್ಟಿದ್ದು ಬೇರೆ ದೇಶದಲ್ಲಿ, ದೇಶಭ್ರಷ್ಟ ಮನೆತನದಲ್ಲಿ. ಬಿರುಗಾಳಿಗೆ ಸಿಕ್ಕ ಹಡಗು ಅವಳನ್ನು ಸ್ಕಾಟ್ಲೆಂಡಿನ ದಂಡೆಗೆ ತಂದು ಹಾಕಿತಂತೆ, ಅಲ್ಲಿನ ರಾಜ ಮದುವೆಯಾದ. ಎಂಟು ಮಕ್ಕಳು, ಅವರಲ್ಲಿ ಮೂವರು ಮುಂದೆ ರಾಜರಾದರು.

"ಎಂಟ? ನಮ್ಮ ಆಯಿಗೆ ಹನ್ನೊಂದು," ಎಂದರು ಅತ್ಯಾ.

ಅನಾಥ ಮಕ್ಕಳಿಗೆ ಕೈಯಾರೆ ಉಣಿಸದೆ ರಾಣಿ ತಾನು ಉಣ್ಣುತ್ತಿರಲಿಲ್ಲವಂತೆ.

"ಅದಕ್ಕ ರಾಣಿನ ಆಗಬೇಕೇನು? ನಮ್ಮ ಆಯಿ ಇಡೀ ಮನೀ ಉಂಡ ಮ್ಯಾಲ ಉಣತಿದ್ಲು. ಹೇಳು ಆಕೀಗೆ."

ಹೇಳಿದೆ. ಅಜ್ಜಿ ಸೋಲಲಿಲ್ಲ. ರಾಜನಿಗೆ ಓದು ಬರುತ್ತಿರಲಿಲ್ಲ, ಆದರೂ ಹೆಂಡತಿಗೆ ಪ್ರಿಯವಾದ ಪುಸ್ತಕಗಳನ್ನು ಎತ್ತಿ ಮುತ್ತಿಡುತ್ತಿದ್ದ ಎಂದರು.

"ಅಯ್ಯ, ಎಂಜಲಾ!" ಅತ್ಯಾ ಹೂರಣದ ಕೈ ಎತ್ತಿದರು. "ಕಣ್ಣಿಗೊತ್ತಿಕೊಂಡಿದ್ರ ಆಗತಿದ್ದಿಲ್ಲೇನು?"

ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನಗೇ ನಗು ತಡೆಯಲಿಲ್ಲ. ಅಜ್ಜಿಯಂತೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕೊನೆಗೆ ಅವರು ಇನ್ನೊಂದು ಸಂಗತಿ ಹೇಳಿದರು. ರಾಣಿಯ ಮಗಳೊಬ್ಬಳು ಇಂಗ್ಲೆಂಡಿನ ರಾಜನನ್ನು ಮದುವೆಯಾದಳು, ಆಗ ಅವಳ ಹೆಸರು ಬದಲಾಯಿತು. ಹುಟ್ಟಿದ ಮನೆಯ ಹೆಸರು ಹೋಗಿ ಹೊಸದು ಬಂತು.

ಅತ್ಯಾ ಉಂಡೆಯನ್ನು ಕೆಳಗಿಟ್ಟರು. "ಹಂಗಾದ್ರ ಆಕಿ ನಮ್ಮ ಪೈಕಿನ ಬಿಡು!"

ಅತ್ಯಾ ಒಳಗೆ ಹೋದಾಗ ಅಜ್ಜಿ ನನ್ನನ್ನು ಹತ್ತಿರ ಕರೆದು ಜೊತೆಗೆ ತಂದಿದ್ದ ಸುರುಳಿಯ ನಡುಭಾಗ ತೋರಿಸಿದರು. ಅಲ್ಲಿ ಒಂದು ತಲೆಮಾರಿನ ಜಾಗದಲ್ಲಿ ಹೆಸರಿರಲಿಲ್ಲ, ಪೆನ್ಸಿಲಿನಲ್ಲಿ ಬರೆದ ಸಣ್ಣ ಪ್ರಶ್ನಾರ್ಥಕ ಚಿಹ್ನೆಯಿತ್ತು. ಯಾವುದೋ ದ್ವೀಪದ ಹಳ್ಳಿಯ ಒಬ್ಬ ಹೆಂಗಸು, ಯಾರ ಮಗಳೋ ಸಿಕ್ಕಿರಲಿಲ್ಲ. ಅವಳು ರಾಣಿಯ ಮನೆತನದವಳಲ್ಲದಿದ್ದರೆ ಮೇಲಿನದೆಲ್ಲ ಬೇರೆಯವರ ವಂಶ.

"ಮಗನಿಗೆ ಹೇಳಿಲ್ಲ. ಹೇಳಿದರೆ ಜೀವನಪೂರ್ತಿ ನಗುತ್ತಾನೆ," ಎಂದರು. "ಓದುವಾಗ ಇಲ್ಲಿ ಬೇಗ ಓದಿಬಿಡಲೇ?"

ನಿಮಗೆ ಬಿಟ್ಟದ್ದು ಎಂದೆ. ಬೇರೆ ಏನಾದರೂ ಹೇಳಿದ್ದೆನೇ? ಧೈರ್ಯದ ಒಂದು ಮಾತು ಹೇಳಿದೆ ಎಂದು ಬರೆಯಲು ಕೈ ಹೋಗುತ್ತಿದೆ, ಆದರೆ ಹೇಳಿದ ನೆನಪಿಲ್ಲ.

ನಾಂದಿಯ ದಿನ ಬೆಳಗ್ಗೆ ಒಳ್ಳೆಯ ಬಿಸಿಲು. ಮನೆಯ ಹಿಂದಿನ ಮರದ ಜಗಲಿಯ, ಅಂದರೆ ಡೆಕ್ಕಿನ, ಕಟಕಟೆಗೆ ಮದುವೆಯ ಹಾಲಗಂಬವೆಂದು ಹಿತ್ತಲಿನ ಸೀಡರ್ ಮರದ ಟೊಂಗೆ ಕಟ್ಟಿದ್ದೆವು. ಬಾಳೆಯೆಲೆಯ ಮೇಲೆ ಅಕ್ಕಿ, ಅಕ್ಕಿಯ ಮೇಲೆ ಅಡಿಕೆ, ಒಂದು ಅಡಿಕೆಗೆ ಒಬ್ಬ ಹಿರಿಯರು. ಬೀಗರು ಮೊದಲ ಸಲ ಉಟ್ಟ ಧೋತರವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಆಚಾರ್ರು ನನ್ನ ತಾಯಿಯ ಹೆಸರು ಕೇಳಿದರು, ಹೇಳಿದೆ. ಅಜ್ಜಿಯದು ಕೇಳಿದರು, ಹೇಳಿದೆ. ಮುತ್ತಜ್ಜಿಯದು ಕೇಳಿದಾಗಲೂ ನಾನು ತಡವರಿಸದೆ ಒಂದು ಹೆಸರು ಹೇಳಿಬಿಟ್ಟೆ. ಆಚಾರ್ರು ಅಡಿಕೆ ಇಟ್ಟು ಮುಂದೆ ಹೋದರು. ಅತ್ಯಾ ನನ್ನ ಮುಖವನ್ನೇ ನೋಡುತ್ತಿದ್ದರು.

ಗಂಡಸರ ಸರದಿಯೂ ಮುಗಿದ ಮೇಲೆ ಆಚಾರ್ರು ಅಜ್ಜಿಗೆ, "ಯುವರ್ ಟರ್ನ್, ಅಜ್ಜಿ," ಎಂದರು. ಅಡಿಕೆ ಸಾಲುವುದಿಲ್ಲವೆಂದು ನನ್ನ ಹೆಂಡತಿ ಬಾದಾಮಿಯ ದೊಡ್ಡ ಚೀಲವನ್ನೇ ತಂದಿಟ್ಟಳು. ಅಜ್ಜಿ ಪ್ರತಿ ತಲೆಮಾರಿನ ತಾಯಿಯ ಹೆಸರನ್ನು ಕೆಳಗಿನಿಂದ ಓದುತ್ತ ಹೋದರು, ಮಗಳು ಒಂದೊಂದು ಬಾದಾಮಿ ಇಡುತ್ತ ಹೋದಳು. ಪೆನ್ಸಿಲಿನ ಗುರುತಿನ ಹತ್ತಿರ ಬಂದರು. ಅಜ್ಜಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇವಳ ಹೆಸರು ನನಗೆ ಗೊತ್ತಿಲ್ಲ," ಎಂದರು. "ಇವಳ ಮೇಲಿನವರು ನಮ್ಮವರು ಹೌದೋ ಅಲ್ಲವೋ, ಅದೂ ಖಚಿತವಿಲ್ಲ."

"ಅಮ್ಮಾ! ಇಷ್ಟು ವರ್ಷ ಇದನ್ನು ಮುಚ್ಚಿಟ್ಟಿದ್ದೆಯಾ?" ಬೀಗರು ಜೋರಾಗಿ ನಗುತ್ತ ಎದ್ದು ಬಂದು ತಾಯಿಯ ಹೆಗಲ ಮೇಲೆ ಕೈ ಹಾಕಿದರು. ಧೋತರ ಅರ್ಧ ಬಿಚ್ಚಿತು. ಅಳಿಯ ಓಡಿ ಬಂದು ಹಿಡಿದ.

"ಏನಂದ್ಲು?" ಎಂದು ಅತ್ಯಾ ಕೇಳಿದರು. ಮಗಳು, "ಶಿ ಡಸಂಟ್ ನೋ ದಿಸ್ ಒನ್, ಅಜ್ಜಿ. ಹೆಸರು ಇಲ್ಲ," ಎಂದಳು.

"ಇಲ್ಲದಿದ್ರೇನಾತು? ಆಕೀಗೂ ಒಂದು ಇಡು."

ಮಗಳು ಆಚಾರ್ರ ಮುಖ ನೋಡಿದಳು. "ಇಡವಾ," ಎಂದರು ಅವರು. ಅವಳು ಇಟ್ಟಳು. ಅಜ್ಜಿ ಮುಂದೆ ಓದಿದರು, ಕೊನೆಯ ಹೆಸರನ್ನು ಪಕ್ಕದ ಮನೆಯ ನಾಯಿ ಬೊಗಳುವಷ್ಟು ಗಟ್ಟಿಯಾಗಿ ಕೂಗಿದರು. ಡೆಕ್ಕಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾಂದಿಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಎಂದು ಆಚಾರ್ರು ಹೇಳಲಿಲ್ಲ, ಅವರೂ ತಟ್ಟಿದರು.

ಊಟದ ಹೊತ್ತಿಗೆ ಅತ್ಯಾ ನನ್ನ ಎಲೆಗೆ ಹೋಳಿಗೆ ಹಾಕುತ್ತ ಕೇಳಿದರು. "ಆ ಹೆಸರು ಎಲ್ಲಿಂದ ತಂದೀಪಾ?"

"ನೆನಪಾತು, ಅತ್ಯಾ."

"ನಿನಗ ನೆನಪಾತಾ? ಆಯಿ ಹೋದ ಎಷ್ಟೋ ವರ್ಷಕ್ಕ ನೀ ಹುಟ್ಟೀದಿ." ನಕ್ಕು, ತುಪ್ಪ ಸುರಿದು, ಮುಂದಿನ ಎಲೆಗೆ ಹೋದರು.

ಮದುವೆ ಮುಗಿಸಿ ಧಾರವಾಡಕ್ಕೆ ಹಿಂದಿರುಗಿದ ಅತ್ಯಾ, ಉಳಿದ ಸಂಬಂಧಿಕರನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ನನ್ನ ಮುತ್ತಜ್ಜಿಯ ಎರಡು ಹೆಸರುಗಳಲ್ಲಿ ಒಂದೂ ನನಗೆ ಗೊತ್ತಿಲ್ಲ. ಆ ಬೆಳಗ್ಗೆ ನಾನು ಹೇಳಿದ್ದು ಯಾರ ಹೆಸರೋ, ಅದೂ ಗೊತ್ತಿಲ್ಲ.