ನೆತ್ತಿಯ ಮೇಲಿನ ಬಿಳಿ ಚುಕ್ಕೆ

ಮೊಟ್ಟೆಯೊಡೆದು ಬಂದ ದಿನವೇ ಕೋಳಿಮರಿ ಗಂಡೋ ಹೆಣ್ಣೋ ಹೇಳುತ್ತೇನೆ ಅಂದಾಗ ನಮ್ಮನೆಯಲ್ಲಿ ಯಾರೂ ನಂಬಲಿಲ್ಲ. ನಂಬದಿದ್ದರೆ ಹೋಗಲಿ, ನಕ್ಕರು. ಬೈದರೆ ನಾನು ತಡೆದುಕೊಳ್ಳುತ್ತೇನೆ, ನಕ್ಕರೆ ಮೈಯೆಲ್ಲ ಉರಿಯುತ್ತದೆ.

ಹುಟ್ಟಿ ಬೆಳೆದದ್ದು ಸಂಜಯನಗರದಲ್ಲಿ. ಅಲ್ಲಿ ನಾನು ಕೋಳಿ ಕಂಡಿದ್ದು ಅಂಗಡಿಯ ತಕ್ಕಡಿಯ ಮೇಲೆ ಮಾತ್ರ. ಮದುವೆಯಾಗಿ ರಾಜಾನುಕುಂಟೆಗೆ ಬಂದ ಮೇಲೆ ಹಿತ್ತಲಿನ ಶೀಟಿನ ಶೆಡ್ಡು, ಅದರೊಳಗಿನ ಕೋಳಿಗಳು ನನ್ನ ಪಾಲಿಗೆ ಬಂದವು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಎರಡನೆಯ ಮಗುವೂ ಹೆಣ್ಣಾದಾಗ ಅತ್ತೆ ಆಸ್ಪತ್ರೆಗೆ ಬಂದು ಮುಖ ನೋಡಿ, "ಇವ್ಳ ಹೊಟ್ಟೇಲಿ ಗಂಡಿಗೆ ಜಾಗ ಇಲ್ಲ" ಅಂದು, ನನಗೆಂದು ತಂದಿದ್ದ ಫ್ಲಾಸ್ಕಿನ ಕಾಫಿಯನ್ನು ತಾವೇ ಬಗ್ಗಿಸಿಕೊಂಡು ಕುಡಿದರು. ನನ್ನ ಗಂಡ ಕಿಟಕಿಯ ಕಡೆ ನೋಡುತ್ತಿದ್ದರು.

ಹೋದ ವರ್ಷ ಯಲಹಂಕದ ಟೀಚರೊಬ್ಬರು ಟೆರೇಸಿನ ಮೇಲೆ ಸಾಕಲು ಹತ್ತು ಹೇಟೆ ಮರಿ ಕೇಳಿದರು. "ಹುಂಜ ಒಂದೂ ಬೇಡ ಕಣ್ರೀ, ಬೆಳಗ್ಗೆ ಕೂಗಿದ್ರೆ ಪಕ್ಕದ್ಮನೆಯವ್ರು ಜಗಳಕ್ಕೇ ಬರ್ತಾರೆ" ಅಂದರು. ಮಾಮೂಲಿಯಾಗಿ ಮರಿಯಲ್ಲಿ ಹೇಟೆ ಯಾವುದು, ಹುಂಜ ಯಾವುದು ಅಂತ ತಿಳಿಯಲು ಒಂದೂವರೆ ಎರಡು ತಿಂಗಳು ಬೇಕು. ಆದರೆ ಪಶುವೈದ್ಯರೊಬ್ಬರನ್ನು ಪೀಡಿಸಿ ನಾನೊಂದು ದಾರಿ ಕಲಿತಿದ್ದೆ. ಮೈತುಂಬ ಕಪ್ಪು ಬಿಳಿ ಪಟ್ಟೆಯಿರುವ ಹೇಟೆಯ ಜೊತೆ ಪಟ್ಟೆಯಿಲ್ಲದ ಕೆಂಪು ಹುಂಜ ಬಿಟ್ಟರೆ ಮರಿಗಳೆಲ್ಲ ಕಪ್ಪಗೆ ಹುಟ್ಟುತ್ತವೆ. ಗಂಡುಮರಿಯ ನೆತ್ತಿಯ ಮೇಲೆ ಸುಣ್ಣದ ಬೆರಳು ಒತ್ತಿದ ಹಾಗೆ ಬಿಳಿ ಚುಕ್ಕೆ. ಹೆಣ್ಣುಮರಿಗೆ ಅದಿಲ್ಲ. ತಾಯಿ ತನ್ನ ಪಟ್ಟೆಯನ್ನು ಗಂಡುಮಕ್ಕಳಿಗೆ ಮಾತ್ರ ಕೊಡುತ್ತಾಳೆ, ಆ ಚುಕ್ಕೆಯೇ ಅದರ ಗುರುತು.

ಆರು ಪಟ್ಟೆ ಹೇಟೆ, ಒಂದು ಕೆಂಪು ಹುಂಜ ಹೊಂದಿಸಿಕೊಂಡೆ. ನಾನು ತವರಿಗೆ ಹೋಗಿದ್ದಾಗ ನೆಂಟರು ಬಂದರಂತೆ, ಅತ್ತೆ ನನ್ನ ಕೆಂಪು ಹುಂಜವನ್ನು ಸಾರಿಗೆ ಹಾಕಿಸಿದರು. ಅದರ ಜಾಗಕ್ಕೆ ನನ್ನ ಗಂಡ ಎತ್ತರದ ಪಟ್ಟೆ ಹುಂಜವೊಂದನ್ನು ತಂದು ಬಿಟ್ಟಿದ್ದರು.

"ಹುಂಜ ಚೆಂದಾಗಿದ್ರೆ ತಾನೆ ಮರಿ ಚೆಂದಾಗಿರಾದು? ಹೇಟೇದೇನೈತೆ, ಮೊಟ್ಟೆ ಇಕ್ಕಾದು ಅಷ್ಟೆ" ಅಂದರು ಅತ್ತೆ.

ಅಪ್ಪನಿಗೂ ಪಟ್ಟೆ, ಅಮ್ಮನಿಗೂ ಪಟ್ಟೆ; ಅಪ್ಪನ ಪಟ್ಟೆ ಹೆಣ್ಣುಮರಿಗೂ ಹೋಗುತ್ತದೆ. ಆ ಸಲ ಹುಟ್ಟಿದ ಒಂದೊಂದು ಮರಿಗೂ ಚುಕ್ಕೆ! ಮುಂದಿನ ತಪ್ಪು ಮಾತ್ರ ನನ್ನದೇ. ಟೀಚರಿಗೆ ಆಗಲ್ಲ ಅನ್ನುವ ಬದಲು, ಜಂಬಕ್ಕೆ ಬಿದ್ದು, ಚಿಕ್ಕ ಚುಕ್ಕೆಯ ಹತ್ತನ್ನು ಆರಿಸಿ ಹೆಣ್ಣು ಅಂತ ಕೊಟ್ಟೆ. ಅದರಲ್ಲಿ ನಾಲ್ಕು ಟೆರೇಸಿನ ಮೇಲೆ ನಿಂತು ಕತ್ತು ಚಾಚಿ ಕೂಗಿದವು. ಟೀಚರ್ ಅವನ್ನು ರಟ್ಟಿನ ಡಬ್ಬಕ್ಕೆ ಹಾಕಿಕೊಂಡು ಆಟೋದಲ್ಲಿ ವಾಪಸ್ ತಂದರು.

"ಗಂಡ್ಯಾವ್ದು ಹೆಣ್ಯಾವ್ದು ಗೊತ್ತಿಲ್ದೋಳು ಇಂಗೆಲ್ಲ ಯಾಕ್ ಮಾತ್ ಕೊಡ್ಬೇಕು?" ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಅಂದರು. ನನ್ನ ಗಂಡ ತಣ್ಣಗೆ, "ಶೆಡ್ ಕಿತ್ತಾಕಿ ಎರಡು ರೂಮ್ ಕಟ್ಟೋಣ, ಬಾಡಿಗೆನಾದ್ರೂ ಬರುತ್ತೆ" ಅಂದರು.

"ಇನ್ನೊಂದೇ ಸಲ. ಒಂದು ಮರಿ ತಪ್ಪಿದ್ರೂ ನಾನೇ ನಿಂತು ಕೀಳಿಸ್ತೀನಿ. ತಪ್ಪದಿದ್ರೆ ಮತ್ತೆ ಆ ಶೆಡ್ಡಿನ ಮಾತು ಯಾರೂ ಎತ್ಕೂಡ್ದು" ಅಂದೆ. ಒಳಗೊಳಗೆ ಭಯವಿತ್ತು. ತೋರಿಸಿಕೊಳ್ಳಲಿಲ್ಲ.

ಪಟ್ಟೆ ಹುಂಜವನ್ನು ಊರಾಚೆ ಮಾರಿ ಬಂದೆ. ಹುಂಜ ಹೋದರೂ ಅದರ ಬೀಜ ಹೇಟೆಯ ಒಳಗೆ ಕೆಲವು ದಿನ ಉಳಿದಿರುತ್ತದೆ. ಅದಕ್ಕೇ ಮೂರು ವಾರ ಬಂದ ಮೊಟ್ಟೆಯನ್ನೆಲ್ಲ ಆಮ್ಲೆಟ್ಟಿಗೇ ಹಾಕಿದೆ. ಆಮೇಲೆ ಹೊಸ ಕೆಂಪು ಹುಂಜ ಬಿಟ್ಟೆ. ಮತ್ತೊಂದಷ್ಟು ದಿನ ಕಾದು, ಪಟ್ಟೆ ಹೇಟೆಗಳ ಮೊಟ್ಟೆ ಕೂಡಿಟ್ಟು, ಅದರ ಮೇಲೆ ಎರಡು ನಾಟಿ ಕೋಳಿಗಳನ್ನು ಕಾವಿಗೆ ಕೂರಿಸಿದೆ. ಶೆಡ್ಡಿಗೆ ಬೀಗ ಹಾಕಿ ಬೀಗದ ಕೈಯನ್ನು ತಾಳಿ ಸರಕ್ಕೆ ಸಿಕ್ಕಿಸಿಕೊಂಡೆ.

ಹದಿನೆಂಟು ಮರಿ ಎದ್ದವು, ಎಲ್ಲವೂ ಕಪ್ಪು. ಎಂಟಕ್ಕೆ ಚುಕ್ಕೆ, ಹತ್ತಕ್ಕಿಲ್ಲ. ಚುಕ್ಕೆಯಿಲ್ಲದ ಹತ್ತನ್ನು ಬೇರೆ ಮಂಕರಿಯಲ್ಲಿ ಬಿಟ್ಟು, "ಇವಿಷ್ಟೂ ಹೆಣ್ಣು" ಅಂದೆ. ನಾನು ಆಮೇಲೆ ಮರಿ ಬದಲಾಯಿಸಿಬಿಟ್ಟರೆ? ಅತ್ತೆಗೆ ಅದೇ ಅನುಮಾನ. ಕನ್ನಡಕ ಹಾಕಿಕೊಂಡು ಬಂದು ಆ ಹತ್ತರ ಕಾಲಿಗೂ ತಾವೇ ಹಳದಿ ದಾರ ಕಟ್ಟಿದರು. ಕಾಲು ದಪ್ಪವಾದ ಹಾಗೆ ದಾರ ಬಿಗಿಯುತ್ತದೆ, ಆಗಾಗ ಬಿಚ್ಚಿ ಕಟ್ಟಬೇಕು. ಅದನ್ನೂ ಅವರೇ ಮಾಡಿದರು, ನನ್ನ ಕೈಗೆ ಕೊಡಲಿಲ್ಲ. ಕಟ್ಟುತ್ತ ಕಟ್ಟುತ್ತ ಅವಕ್ಕೆ ನುಚ್ಚು ಹಾಕುವುದನ್ನೂ ಕಲಿತರು.

ಎರಡು ತಿಂಗಳು ಕಳೆಯಿತು. ಚುಕ್ಕೆಯಿದ್ದ ಎಂಟರ ಜುಟ್ಟು ಕೆಂಪಗೆ ಎದ್ದು, ಮೈತುಂಬ ಪಟ್ಟೆ ಬಂತು. ಎರಡು ಆಗಲೇ ಒಡಕು ದನಿಯಲ್ಲಿ ಕೂಗಲು ಶುರುಮಾಡಿದ್ದವು. ಹಳದಿ ದಾರದ ಹತ್ತೂ ಹೇಟೆಯೇ. ಅತ್ತೆ ಒಂದೊಂದನ್ನೇ ಹಿಡಿದು ತಿರುಗಿಸಿ ನೋಡಿದರು. ಕೊನೆಯದನ್ನು ಕೆಳಗೆ ಬಿಡಲೇ ಇಲ್ಲ, ಮಡಿಲಲ್ಲೇ ಇಟ್ಟುಕೊಂಡು ಸವರಿದರು.

"ಹುಂಜಗಳ್ನ ಕೊಟ್ಬಿಡು. ಹೇಟೆ ಒಂದ್ನೂ ಯಾರ್ಗೂ ಕೊಡ್ಬ್ಯಾಡ, ಮನೇಗೆ ಬೇಕು" ಅಂದರು.

"ನಾಲ್ಕು ಟೀಚರಿಗೆ, ಅವರು ವಾಪಸ್ ತಂದ ಹುಂಜಗಳ ಬದ್ಲಿಗೆ. ನಾನು ಮಾತು ಕೊಟ್ಟಿದೀನಿ. ಮಿಕ್ಕಿದ್ದು ಮನೆಗೆ" ಅಂದೆ.

ಅತ್ತೆ ಮಡಿಲಿನ ಹೇಟೆಯ ಕಾಲಿನ ದಾರ ಬಿಚ್ಚುತ್ತ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದರು: "ಅಲ್ಲ ಕಣಮ್ಮ, ಗಂಡಾಗ್ಬೇಕೋ ಹೆಣ್ಣಾಗ್ಬೇಕೋ ಅನ್ನಾದು ಯಾರಿಂದ? ಹುಂಜದಿಂದ್ಲಾ, ಹೇಟೆಯಿಂದ್ಲಾ?"

ನನ್ನ ಗಂಡ ನೀರಿನ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಕೋಳೀಲಿ ಹೇಟೆಯಿಂದ ಅತ್ತೆ" ಅಂದೆ. "ಮನುಷ್ಯರಲ್ಲಿ ನಿಮ್ಮ ಮಗನಿಂದ."

ಈ ಸಲ ಯಾರೂ ನಗಲಿಲ್ಲ. ನನ್ನ ಇಬ್ಬರು ಹೆಣ್ಣುಮಕ್ಕಳು ಮಂಕರಿಯ ಪಕ್ಕ ಕೂತಿದ್ದರು. ಅವರ ಕಿವಿಗೆ ಬೀಳಲಿ ಅಂತಲೇ ನಾನು ಅಷ್ಟು ಜೋರಾಗಿ ಹೇಳಿದ್ದು.