ಬೀಗರ ಫೋನಿನ ಸವಿನೆನಪುಗಳು

ಸೋಮವಾರ ಬೆಳಗ್ಗೆ ಗಣಿತದ ಟೀಚರಮ್ಮ ಅಂಗಡಿಯ ಮುಂದೆ ನಿಂತು ಚೀಲದೊಳಗೆ ಕೈ ಹಾಕಿ ಹುಡುಕುತ್ತಿದ್ದಾಗ ಬೀಗರ ಫೋನು ಇದ್ದಕ್ಕಿದ್ದಂತೆ ಪಿಟೀಲು ಬಾರಿಸತೊಡಗಿತು.

ಅದನ್ನು ಯಾರೂ ಮುಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಂಟೆ ಎಷ್ಟಾಯಿತೆಂದು ನೋಡಲು ಬೀಗರೇ ಎತ್ತಿಕೊಂಡಿದ್ದರು. ಪರದೆಯ ಮೇಲೆ ಏನೋ ಬಂದು ಕುಳಿತಿತ್ತು. ನೊಣ ಓಡಿಸುವ ಹಾಗೆ ಅದನ್ನು ಹೆಬ್ಬೆರಳಿನಿಂದ ಓಡಿಸಲು ಹೋಗಿ ಒತ್ತಿಬಿಟ್ಟಿದ್ದರು. ಪಿಟೀಲಿನ ಹಿಂದೆಯೇ ಬಂಗಾರದ ಅಕ್ಷರಗಳು ಮೂಡಿದವು: ‘ನಿಮ್ಮ ಆತ್ಮೀಯರೊಂದಿಗೆ ಕಳೆದ ಈ ವರ್ಷದ ಸವಿನೆನಪುಗಳು.’

ಒಂದು ಹಿತ್ತಾಳೆಯ ಬೀಗದಕೈ ದೊಡ್ಡದಾಗುತ್ತ ಬಂತು, ಕರಗಿತು. ಸ್ಟೀಲಿನದೊಂದು ಬಂತು, ಸೊಂಟ ಬಾಗಿದ್ದು. ಆಮೇಲೆ ಸ್ಕೂಟರಿನದು, ಕಪಾಟಿನದು, ಯಾವುದೋ ಗೋದಾಮಿನ ಗೇಣುದ್ದದ್ದು. ಪಿಟೀಲು ಗದ್ಗದಿತವಾಯಿತು. ಗುಲಾಬಿ ಬಣ್ಣದ ಹೃದಯದ ಚೌಕಟ್ಟಿನೊಳಗೆ ಬೀರುವಿನ ಬೀಗದಕೈಯೊಂದು ನಿಧಾನವಾಗಿ ತಿರುಗಿತು. ಅದರ ಬೆನ್ನಿಗೆ ಬೀಗರ ಅಂಗೈ, ಅಂಗೈಯ ಮೇಲೆ ಎರಡು ತುಂಡಾದ ಬೀಗದಕೈ, ಅದಕ್ಕೆ ಕಟ್ಟಿದ ನೀಲಿ ಉಣ್ಣೆಯ ದಾರ. ಕೆಳಗೆ ಚಿಕ್ಕದಾಗಿ ರಸ್ತೆಯ ಹೆಸರು, ತಾರೀಖು, ಸಮಯ.

“ಇದು ನಂದಲ್ವಾ?” ಎಂದರು ಟೀಚರಮ್ಮ.

ಅವರು ಬೆರಳು ಚಾಚಿ ರಸ್ತೆಯ ಹೆಸರನ್ನು ಮುಟ್ಟಿದರು. ಫೋನು ಬಹಳ ಉತ್ಸಾಹದಿಂದ ನಕ್ಷೆ ಬಿಡಿಸಿ, ಅವರ ಮನೆಯ ಚಾವಣಿಯ ಮೇಲೆ ಕುಂಕುಮದಷ್ಟು ಕೆಂಪು ಚುಕ್ಕೆ ಇಟ್ಟು ತೋರಿಸಿತು.

“ಕೀ ಇಲ್ಲಿದೆ, ಬಾಗಿಲು ಇಲ್ಲಿದೆ,” ಎಂದರು ಟೀಚರಮ್ಮ, ಕರಿಹಲಗೆಯ ಮುಂದೆ ನಿಂತವರಂತೆ. “ನಾನು ಒಬ್ಬಳೇ ಇರೋದು ಅಂತ ಕೆಳಗೆ ಬರೆಯೋದೊಂದು ಬಾಕಿ.”

ಬೀಗರು ಆ ಚುಕ್ಕೆಯನ್ನು ಹೆಬ್ಬೆರಳಿನಿಂದ ಒರೆಸಲು ನೋಡಿದರು.

ಈ ಬೀಗರೆಂದರೆ ಯಾರ ಮನೆಯ ಬೀಗರೂ ಅಲ್ಲ. ಮಕ್ಕಳಿಲ್ಲದ್ದರಿಂದ ಆ ಯೋಗ ಅವರಿಗೆ ಕೂಡಿ ಬರಲಿಲ್ಲ. ಬೀಗ ರಿಪೇರಿಯ ದೆಸೆಯಿಂದ ಇಡೀ ಮಾರ್ಕೆಟ್ಟಿಗೆ ಬೀಗರಾದರು. ಬೀಗುವ ಸ್ವಭಾವ ಮಾತ್ರ ಇರಲಿಲ್ಲ. ಅಂಗಡಿ ಎಂದರೂ ಮಹಡಿ ಮೆಟ್ಟಿಲಿನ ಕೆಳಗಿನ ಮೂಲೆ. ಎದ್ದು ನಿಂತರೆ ಆರನೇ ಮೆಟ್ಟಿಲು ತಲೆಗೆ ತಾಗುತ್ತದೆ. ಹಾಗಾಗಿ ನಲವತ್ತು ವರ್ಷ ಕೂತೇ ಕಳೆದರು. ಜನರ ಮುಖಕ್ಕಿಂತ ಅವರ ಕಾಲಿನ ಸದ್ದೇ ಅವರಿಗೆ ಹೆಚ್ಚು ಪರಿಚಯ.

ಕೆಲಸ ಕಲಿಸಿದ್ದು ಅಣ್ಣ. ಅರ ಹಿಡಿಯುವುದನ್ನು ಕಲಿಸುವ ಮೊದಲು ಬಾಯಿ ಹಿಡಿಯುವುದನ್ನು ಕಲಿಸಿದ. ಯಾವ ಬಾಗಿಲಿನದು ಎಂದು ಕೇಳಬಾರದು. ಅವರಾಗಿಯೇ ಹೇಳಿದರೆ ಸಂಜೆಯೊಳಗೆ ಮರೆಯಬೇಕು. ನಕಲು ಕೆಟ್ಟರೆ ಅದನ್ನು ಗಿರಾಕಿಯ ಕಣ್ಣೆದುರೇ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಮೂರು ಪೆಟ್ಟು ಹಾಕಿ, ಚಪ್ಪಟೆಯಾದದ್ದನ್ನು ಅವರ ಕೈಗೇ ಕೊಡಬೇಕು. ಅಣ್ಣ ತೀರಿಕೊಂಡು ಮೂರು ವರ್ಷವಾದರೂ ಬೀಗರ ಸುತ್ತಿಗೆ ಎರಡನೇ ಪೆಟ್ಟಿಗೆ ನಿಂತದ್ದಿಲ್ಲ.

ಫೋನು ಬಂದದ್ದು ಆ ಅಣ್ಣನ ಮಗಳಿಂದ. ಪುಟ್ಟಿ ದೂರದ ಊರಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಾಳೆ. ಎರಡು ವರ್ಷದ ಹಿಂದೆ ಬಂದವಳು ತನ್ನ ಹಳೆಯ ಫೋನನ್ನು ಸಜ್ಜುಮಾಡಿ ಚಿಕ್ಕಪ್ಪನ ಕೈಗಿಟ್ಟು ಹೋದಳು. ಹೆಬ್ಬೆರಳಿನ ಗುರುತಿನಿಂದ ಫೋನಿಗೆ ಬೀಗ ಹಾಕಲು ಅವಳು ಬಹಳ ಒದ್ದಾಡಿದಳು. ಅರದ ಜೊತೆ ಸವೆದು ಸವೆದು ಬೀಗರ ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ಇವರು ಇವರೇ ಎಂದು ಒಪ್ಪಲು ಫೋನು ತಯಾರಿರಲಿಲ್ಲ. ಹೀಗೆ ಊರಿಗೆಲ್ಲ ಬೀಗ ಹಾಕಿದವರ ಫೋನು ಬೀಗವಿಲ್ಲದೆ ಉಳಿಯಿತು.

ಅದನ್ನು ಅವರು ಬಳಸುತ್ತಿದ್ದುದು ಒಂದೇ ಕೆಲಸಕ್ಕೆ. ಕಣ್ಣು ಮಂಜಾಗಿತ್ತು. ಬೀಗದಕೈಯ ಫೋಟೋ ತೆಗೆದು, ಎರಡು ಬೆರಳಲ್ಲಿ ಹಿಗ್ಗಿಸಿದರೆ, ಒಂದೊಂದು ಹಲ್ಲೂ ಬೆಟ್ಟದ ಸಾಲಿನಂತೆ ಕಾಣುತ್ತಿತ್ತು. ನೋಡಿ ಮುಗಿದ ಮೇಲೆ ಅದು ಹೋಯಿತು ಎಂದೇ ಅವರ ನಂಬಿಕೆ. ಕನ್ನಡಿಯ ಮುಂದಿನಿಂದ ಸರಿದ ಮೇಲೆ ಮುಖ ಕನ್ನಡಿಯಲ್ಲಿ ಇರುತ್ತದೆಯೇ?

ಫೋನು ಏನೇನೋ ಕೇಳುತ್ತಿತ್ತು, ಅದೂ ನಿಜ. ಬರೀ ಬ್ಯಾಟರಿ ದೀಪ ಹಚ್ಚುವ ಆ್ಯಪ್ ಕೂಡ ‘ನೀವು ಎಲ್ಲಿದ್ದೀರಿ ಎಂದು ತಿಳಿಯಬಹುದೇ?’ ಎಂದು ವಿನಯದಿಂದ ವಿಚಾರಿಸುತ್ತಿತ್ತು. ಬೀಗರು ಎಲ್ಲದಕ್ಕೂ ಆಗಲಿ ಎನ್ನುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಎಲ್ಲಿದ್ದೀರಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಕೇಳುವವರೊಬ್ಬರು ಇರುವಾಗ ಬೇಡ ಎನ್ನುವುದು ಹೇಗೆ?

ಈಗ ಅವರು ಫೋನನ್ನು ಕಬ್ಬಿಣದ ದಿಮ್ಮಿಯ ಮೇಲೆ ಅಂಗಾತ ಮಲಗಿಸಿದರು. ಸುತ್ತಿಗೆ ಎತ್ತಿಕೊಂಡರು.

“ಅಯ್ಯೋ, ಏನ್ ಮಾಡ್ತಿದ್ದೀರಾ ಬೀಗರೇ,” ಎನ್ನುತ್ತ ಎದುರಂಗಡಿಯ ಮೊಬೈಲ್ ರಿಪೇರಿಯವನು ಜಿಗಿದು ಬಂದ. ತನ್ನ ವೃತ್ತಿಯ ಮೇಲೆ ಯಾರೋ ಕೈ ಮಾಡುತ್ತಿದ್ದಾರೆ ಎಂಬಂತಿತ್ತು ಅವನ ಮುಖ.

“ಕೆಟ್ಟ ನಕಲು. ಇವರ ಎದುರೇ ಹೊಡೀಬೇಕು.”

“ಹೊಡೆದ್ರೆ ಗಾಜು ಒಡೆಯುತ್ತೆ ಅಷ್ಟೆ. ಫೋಟೋ ಇರೋದು ಇದರಲ್ಲಲ್ಲ, ಮೇಲೆ.”

ಬೀಗರು ಮೇಲೆ ನೋಡಿದರು. ಆರನೇ ಮೆಟ್ಟಿಲು ಕಂಡಿತು.

“ಮೆಟ್ಟಿಲಲ್ಲಲ್ಲ. ಇನ್ನೂ ಮೇಲೆ, ಕ್ಲೌಡಲ್ಲಿ. ಮೋಡದಲ್ಲಿ.”

“ಮೋಡದಲ್ಲಿರೋದು ಒಂದಲ್ಲ ಒಂದು ದಿನ ಯಾರದೋ ಅಂಗಳದಲ್ಲಿ ಬೀಳುತ್ತಲ್ಲಯ್ಯ.”

“ಅದೇ ತೊಂದರೆ,” ಎಂದರು ಟೀಚರಮ್ಮ.

ಮೊಬೈಲಿನವನು ಫೋನು ತೆಗೆದುಕೊಂಡು ತಡಕಾಡಿದ. ಒಟ್ಟು ಸಾವಿರದ ಇನ್ನೂರ ಹದಿನಾಲ್ಕು ಫೋಟೋ. ಬಹುಪಾಲು ಅಂಗಡಿಯಲ್ಲೇ ತೆಗೆದವು. ಮೂವತ್ತೊಂದು ಮಾತ್ರ ಬೀಗ ಕೈಕೊಟ್ಟಾಗ ಜನರ ಮನೆ ಬಾಗಿಲಲ್ಲಿ ತೆಗೆದವು. ಅವುಗಳ ತಲೆಯ ಮೇಲೆಲ್ಲ ಕೆಂಪು ಚುಕ್ಕೆ. ಮನುಷ್ಯರ ಮುಖ ಒಂದೂ ಇಲ್ಲ. “ಒಂದಿದೆ ನೋಡಿ,” ಎಂದ ಅವನು. ಹೊಳೆಯುವ ಸ್ಟೀಲಿನ ಬೀಗದಕೈಯ ತಲೆಯಲ್ಲಿ ಬೀಗರ ಮೂಗು ಸೌತೆಕಾಯಿಯಂತೆ ಉದ್ದವಾಗಿ ಮೂಡಿತ್ತು.

“ಇದನ್ನೆಲ್ಲ ಇನ್ಯಾರು ನೋಡಿದ್ದಾರೆ?” ಟೀಚರಮ್ಮ ಕೇಳಿದರು.

“ಕಂಪನಿಯವರಂತೂ ನೋಡಿರ್ತಾರೆ. ಅವರನ್ನ ಬಿಟ್ರೆ...” ಅವನು ಪರದೆಯನ್ನು ಕಣ್ಣಿನ ಹತ್ತಿರ ತಂದ. “ಒಬ್ಬರ ಜೊತೆ ಹಂಚಿಕೆ ಆಗಿದೆ. ತೆಗೆದ ತಕ್ಷಣ ತಾನಾಗಿಯೇ ಹೋಗುತ್ತೆ. ಪುಟ್ಟಿ ಅಂತ ಇದೆ.”

ಪ್ರತಿ ಫೋಟೋದ ಅಡಿಯಲ್ಲಿ ಸಾಸಿವೆಯಷ್ಟು ದೊಡ್ಡದಾಗಿ ಅವಳ ಮುಖವಿತ್ತು. ನೋಡಿದ್ದಾಳೆ ಎಂದು ಅದರ ಅರ್ಥವಂತೆ. ಶನಿವಾರ ಹತ್ತೂ ಹನ್ನೆರಡಕ್ಕೆ ತೆಗೆದದ್ದನ್ನು ಹತ್ತೂಕಾಲಿಗೆ ನೋಡಿದ್ದಾಳೆ. ಶುಕ್ರವಾರದ್ದನ್ನೂ ನೋಡಿದ್ದಾಳೆ. ಬೀಗರು ಫೋನು ಕಸಿದುಕೊಂಡು ಹಿಂದೆ ಹಿಂದೆ ಹೋದರು. ಎರಡು ವರ್ಷದಲ್ಲಿ ನಾಲ್ಕು ಸಲ ಮಾತಾಡಿದ ಹುಡುಗಿ, ಅದೂ ‘ಹೇಗಿದ್ದೀರಿ’, ‘ಇದ್ದೀನಮ್ಮ’, ‘ಇಡ್ಲಾ’ ಎನ್ನುವಷ್ಟು, ಸಾವಿರದ ಇನ್ನೂರ ಹದಿನಾಲ್ಕು ಸಲ ಈ ಮೆಟ್ಟಿಲಿನ ಕೆಳಗೆ ಇಣುಕಿ ಹೋಗಿದ್ದಳು.

“ನಿಮ್ಮ ಮನೆ ಮಗುನೇ ತಾನೆ?” ಎಂದ ಮೊಬೈಲಿನವನು. “ಉಳಿದಿದ್ದೆಲ್ಲ ಅಳಿಸೋಣ. ಇನ್ನು ಮುಂದೆ ಅಂಗಡಿಯವನ್ನಷ್ಟೇ ತೆಗೀರಿ, ಆ ಹಂಚಿಕೆ ಒಂದು ಇರಲಿ ಬಿಡಿ. ಏನಾಗುತ್ತೆ?”

ಬೀಗರು ಟೀಚರಮ್ಮನ ಕಡೆ ನೋಡಿದರು. ಅವರು ದಿಮ್ಮಿಯ ಪಕ್ಕದಲ್ಲಿ ಬಿದ್ದಿದ್ದ ಸುತ್ತಿಗೆಯನ್ನು ನೋಡುತ್ತಿದ್ದರು.

“ಎಲ್ಲಿ ಒತ್ತಬೇಕು?” ಎಂದರು ಬೀಗರು.

‘ಹಂಚಿಕೆ ನಿಲ್ಲಿಸಿದರೆ ನಿಮ್ಮ ಆತ್ಮೀಯರಿಗೆ ಇವು ಕಾಣುವುದಿಲ್ಲ. ಖಚಿತವೇ?’ ಎಂದಿತು ಫೋನು. ಒತ್ತಿದರು. ‘ಎಲ್ಲವನ್ನೂ ಶಾಶ್ವತವಾಗಿ ಅಳಿಸಬೇಕೇ?’ ಒತ್ತಿದರು. ಕಸದ ಬುಟ್ಟಿಯಲ್ಲಿ ಇನ್ನೊಂದು ತಿಂಗಳು ಇರುತ್ತವೆ ಎಂದು ಮೊಬೈಲಿನವನು ಹೇಳಿದ್ದಕ್ಕೆ ಅಲ್ಲಿಗೂ ಹೋಗಿ ಒತ್ತಿದರು. ಮೂರು ಪೆಟ್ಟಾಯಿತು. ಖಾಲಿ ಪರದೆಯನ್ನು ಟೀಚರಮ್ಮನ ಕೈಗೆ ಕೊಟ್ಟರು. ಅವರು ನೋಡಿ ತಲೆಯಾಡಿಸಿ ಹಿಂತಿರುಗಿಸಿದರು.

“ಬೀಗ ಬದಲಾಯಿಸ್ಕೊಳ್ಳಿ ಟೀಚರಮ್ಮ. ನನ್ನ ಹತ್ರ ಬೇಡ. ಬಸ್ ಸ್ಟ್ಯಾಂಡ್ ಪಕ್ಕ ಇನ್ನೊಬ್ಬ ಇದ್ದಾನೆ.”

ಮಿಕ್ಕ ಮೂವತ್ತು ಬಾಗಿಲುಗಳಿಗೆ ಹೇಗೆ ಹೇಳುವುದು? ಹೆಸರು ಕೇಳಿಟ್ಟುಕೊಂಡಿರಲಿಲ್ಲ, ಕೆಂಪು ಚುಕ್ಕೆಗಳನ್ನು ಈಗಷ್ಟೇ ಅಳಿಸಿದ್ದರು. ಕೊನೆಗೆ ರಟ್ಟಿನ ಮೇಲೆ ಬರೆದು ಅಂಗಡಿಗೆ ತೂಗುಹಾಕಿದರು: ‘ನಾನು ಯಾರ ಮನೆಗೆ ಬಂದು ಬೀಗ ತೆಗೆದಿದ್ದೇನೋ ಅವರು ದಯವಿಟ್ಟು ಬೇರೆ ಬೀಗ ಹಾಕಿಸಿಕೊಳ್ಳಿ. ತಪ್ಪು ನನ್ನದು.’

“ಇದನ್ನ ಓದಿದವರು ಬರ್ತಾರಾ ಬೀಗರೇ?” ಎಂದ ಮೊಬೈಲಿನವನು.

“ಓದೋಕೆ ಬರ್ತಾರೆ.”

ಹಾಗೆಯೇ ಆಯಿತು. ಮಂಗಳವಾರ ಏಳೆಂಟು ಜನ ನಿಂತು ಓದಿದರು, ಮುಂದೆ ಹೋದರು. ಟೀಚರಮ್ಮ ಮಾತ್ರ ಸಂಜೆಗೆ ಬಂದು, ಕರವಸ್ತ್ರದಲ್ಲಿ ಸುತ್ತಿದ ಹೊಸ ಬೀಗದಕೈಯೊಂದನ್ನು ಮುಂದಿಟ್ಟು, “ಒಂದು ನಕಲು,” ಎಂದರು. ಬೀಗರು ಹಳೆಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮುಕ್ಕಾಲು ಗಂಟೆ ಕೂತು ಮಾಡಿಕೊಟ್ಟರು. ಮೊದಲಾಗಿದ್ದರೆ ಹತ್ತು ನಿಮಿಷದ ಕೆಲಸ.

ಅಂದು ರಾತ್ರಿ ತಾವು ವಾಸವಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಾಗ ಅವರ ಕಣ್ಣು ಮೊಳೆಯ ಮೇಲೆ ಬಿತ್ತು. ಆ ಒಂಟಿ ಕೋಣೆಗೆ ಊರಲ್ಲೇ ಗಟ್ಟಿಯಾದ ಬೀಗ ಹಾಕಿದ್ದರು, ಒಳಗೆ ಕದಿಯುವಂಥದ್ದು ಏನೂ ಇಲ್ಲದಿದ್ದರೂ. ಅದರ ಎರಡನೇ ಬೀಗದಕೈ ಅದೇ ಕೋಣೆಯೊಳಗಿನ ಮೊಳೆಗೆ ತೂಗುತ್ತಿತ್ತು. ಸಾವಿರಾರು ಜನಕ್ಕೆ ಎರಡನೇ ಬೀಗದಕೈ ಮಾಡಿಕೊಟ್ಟವರಿಗೆ ತಮ್ಮದನ್ನು ಯಾರ ಕೈಗೆ ಕೊಡಬೇಕೆಂದು ಗೊತ್ತಾಗದೆ ಒಂಬತ್ತು ವರ್ಷವಾಗಿತ್ತು.

ಬುಧವಾರ ಹನ್ನೊಂದು ಗಂಟೆಗೆ ಫೋನು ಬಾರಿಸಿತು. ಈ ಸಲ ಪಿಟೀಲಲ್ಲ, ಗಂಟೆ.

“ಚಿಕ್ಕಪ್ಪ?”

“ಹೇಳು ಪುಟ್ಟಿ.”

ಆಚೆ ಕಡೆ ಉಸಿರು ಬಿಟ್ಟ ಸದ್ದು. “ಅಂಗಡೀಲಿದ್ದೀರಾ?”

“ಇನ್ನೆಲ್ಲಿರ್ತೀನಿ.”

“ಮತ್ತೆ ಕೀ ಯಾಕೆ ಬರ್ಲಿಲ್ಲ? ಸೋಮವಾರದಿಂದ ಒಂದೂ ಇಲ್ಲ. ಹಳೇವೂ ಇಲ್ಲ. ಇನ್ನೊಂದು ಗಂಟೆ ನೋಡಿ, ರಜೆ ಹಾಕಿ ಹೊರಟುಬಿಡೋಣ ಅಂತಿದ್ದೆ.”

ಫೋನನ್ನು ಇಷ್ಟು ಬೇಗ ಎತ್ತಬಾರದಿತ್ತೇನೋ ಎನ್ನಿಸಿತು ಬೀಗರಿಗೆ.

“ನೀನು ನೋಡ್ತಿದ್ದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

“ಹೇಳಿದ್ರೆ ನೀವು ಬೇಡ ಅಂತಿದ್ರಿ. ಬೆಳಗ್ಗೆ ಮೊದಲ ಕೀ ಬಂತು ಅಂದ್ರೆ ಚಿಕ್ಕಪ್ಪ ಎದ್ದಿದ್ದಾರೆ, ಅಂಗಡಿ ತೆಗೆದಿದ್ದಾರೆ ಅಂತ. ಫೋಟೋ ಅಲ್ಲಾಡಿ ಮಸುಕಾಗಿದ್ರೆ ಊಟ ಮಾಡಿಲ್ಲ, ಕೈ ನಡುಗ್ತಿದೆ ಅಂತ. ಎಲ್ಲಾ ಗೊತ್ತಾಗ್ತಿತ್ತು.”

“ಫೋನ್ ಮಾಡಿ ಕೇಳಬಹುದಿತ್ತಲ್ಲ.”

“ಗೊತ್ತಿತ್ತಲ್ಲ ಚಿಕ್ಕಪ್ಪ, ಅದಕ್ಕೇ ಕೇಳ್ಲಿಲ್ಲ.”

ಬೀಗರು ಟೀಚರಮ್ಮನ ಸಂಗತಿ ಹೇಳಿದರು. ಕೆಂಪು ಚುಕ್ಕೆ, ದಿಮ್ಮಿ, ಸುತ್ತಿಗೆ, ಮೋಡ ಎಲ್ಲವನ್ನೂ ಹೇಳಿದರು. “ನಿಮ್ಮಪ್ಪ ಇದ್ದಿದ್ರೆ ಫೋನಲ್ಲ, ನನ್ನ ಕೈಯನ್ನೇ ದಿಮ್ಮಿ ಮೇಲೆ ಇಡ್ತಿದ್ದ.”

ಅವಳು ನಕ್ಕಳು. ಆಮೇಲೆ, “ನಾನೇನು ಕಳ್ಳೀನಾ?” ಎಂದಳು.

“ಅಲ್ಲಮ್ಮ. ಆದ್ರೆ ಅವು ನಿನ್ನ ಬಾಗಿಲುಗಳಲ್ಲ.”

ಅವಳ ಹಿಂದೆ ಯಾವುದೋ ಯಂತ್ರ ಗುಂಯ್ ಎನ್ನುತ್ತಿತ್ತು. ಯಾರಿಗೋ ಉಸಿರು ಬಿಗಿಹಿಡಿಯಿರಿ ಎಂದು ಯಾರೋ ಹೇಳುತ್ತಿದ್ದರು.

“ಸರಿ, ಹಾಗಾದ್ರೆ ಇನ್ಮೇಲೆ ನೀವು ಚೆನ್ನಾಗಿದ್ದೀರೋ ಇಲ್ವೋ ಅಂತ ನಂಗೆ ಹೇಗೆ ಗೊತ್ತಾಗಬೇಕು ಚಿಕ್ಕಪ್ಪ?”

ಬೀಗರು ಇಂಥದೊಂದು ಪ್ರಶ್ನೆಗಾಗಿ ಕಾದು ಎಷ್ಟೋ ದಿನವಾಗಿತ್ತು. ಅದಕ್ಕೆ ಹೇಳಬೇಕಾದ ಮಾತುಗಳನ್ನು ಅರ ಹಾಕಿ, ನಯ ಮಾಡಿ ಒಳಗೆ ಜೋಡಿಸಿಟ್ಟಿದ್ದರು. ಈಗ ಬಾಯಿಗೆ ಒಂದೂ ಹೊಂದಲಿಲ್ಲ. ಅಂಗಡಿಯ ಮುಂದೆ ರಟ್ಟು ಗಾಳಿಗೆ ಅಲ್ಲಾಡುತ್ತಿತ್ತು. ಗಿರಾಕಿಗಳ ಸ್ಟೂಲು ಬೆಳಗಿನಿಂದ ಖಾಲಿ. ತಲೆಯ ಮೇಲೆ ಯಾರದೋ ಚಪ್ಪಲಿಗಳು ಆರನೇ ಮೆಟ್ಟಿಲು ದಾಟಿ, ನಿಲ್ಲದೆ ಮಹಡಿಗೆ ಹೋದವು.

“ಗಿರಾಕಿ ಬಂದಿದ್ದಾರಮ್ಮ,” ಎಂದರು ಬೀಗರು. “ನಾಳೆ ಫೋನ್ ಮಾಡು.”